ದಿನಕ್ಕೆ ಎರಡು ಟೊಮ್ಯಾಟೊ

ನಿನ್ನೆ ರಾತ್ರಿ ನಮ್ಮ ಮನೆ ಫ್ರಿಜ್ಜಿನೊಳಗೆ ಒಂದು ಟೊಮ್ಯಾಟೊ ಕಿರುಚಿಕೊಂಡಿತು.

ಸಾರು ಬಡಿಸುತ್ತಿದ್ದ ಅಮ್ಮ ಬೆಚ್ಚಿ ಸೌಟು ಬಿಟ್ಟರು. ಸೌಟು ಬಂದು ನನ್ನ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಪುಸ್ತಕದ ಮೇಲೆ ಬಿತ್ತು. ಅಮ್ಮನದೇನೂ ತಪ್ಪಿಲ್ಲ. ಅವರಿಗೆ ಹೋದ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿದ್ದೇವೆ, ಕನ್ನಡಕ ಇನ್ನೂ ಬಂದಿಲ್ಲ. ಮೇಜಿನ ಮೇಲೆ ಕೆಂಪಗೆ, ದುಂಡಗೆ, ಹಸಿರು ತೊಟ್ಟಿನ ಸಮೇತ ಏನೋ ಕೂತಿದ್ದರೆ ಕೋಲಾರದ ಹೆಂಗಸು ಅದನ್ನು ತರಕಾರಿ ಟ್ರೇಗೆ ಹಾಕದೆ ಇನ್ನೇನು ಮಾಡಿಯಾಳು? ಈಳಿಗೆಮಣೆಗೆ ಇಡಲಿಲ್ಲ, ಅದೇ ಪುಣ್ಯ.

ಅದು ಟೊಮ್ಯಾಟೊ ಅಲ್ಲ, ಟೈಮರ್. ಕೀ ಕೊಟ್ಟರೆ 25 ನಿಮಿಷ ಟಿಕ್ ಟಿಕ್ ಎಂದು ಆಮೇಲೆ ಬಡಿದುಕೊಳ್ಳುತ್ತದೆ. ನಿನ್ನೆ ನಾನು ಕೀ ಕೊಟ್ಟು, ಪೆನ್ನು ತರಲು ಒಳಗೆ ಹೋದೆ. ಅಲ್ಲಿ ಟಿವಿಯಲ್ಲಿ ನಾಲ್ಕು ಜನ ಕಿತ್ತಾಡುತ್ತಿದ್ದರು. ಸುಮ್ನೆ ಒಂದ್ನಿಮಿಷ ಅಂತ ನಿಂತೆ. ಮುಂದಿನದ್ದು ಫ್ರಿಜ್ಜಿಗೆ ಗೊತ್ತು.

ನಲವತ್ತಮೂರನೇ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂದರೆ, ಇಲಾಖಾ ಪರೀಕ್ಷೆ. ಪಾಸಾಗದೆ ಬಡ್ತಿ ಇಲ್ಲ. ಎರಡು ಸಲ ಡುಮ್ಕಿ ಹೊಡೆದಿದ್ದೇನೆ. ನನ್ನ ಜೊತೆ ಕೆಲಸಕ್ಕೆ ಸೇರಿದವರು ಈಗ ನನ್ನ ಕಡತಕ್ಕೆ ‘ಮರುಪರಿಶೀಲಿಸಿ’ ಎಂದು ಬರೆದು ವಾಪಸ್ ಕಳಿಸುತ್ತಾರೆ. ಓದಬೇಕಾದದ್ದು ಕೆಸಿಎಸ್‌ಆರ್, ಕೆಎಫ್‌ಸಿ, ಕೆಟಿಸಿ ಎಂಬ ಖಜಾನೆ ಸಂಹಿತೆ. ಕೆಎಫ್‌ಸಿ ಎಂದಾಗ ಮಗಳ ಮುಖ ಅರಳಿತ್ತು. ಕರ್ನಾಟಕ ಆರ್ಥಿಕ ಸಂಹಿತೆ ಅಂತ ಬಿಡಿಸಿ ಹೇಳಿದ ಮೇಲೆ ಬಾಡಿತು.

ಈ ಮಗಳೇ ಎಲ್ಲದಕ್ಕೂ ಮೂಲ. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. 625ಕ್ಕೆ ಎಷ್ಟು ಬರುತ್ತೆ ಎಂದು ಈಗಲೇ ಲೆಕ್ಕ ಹಾಕುವವಳು. ಅವಳು ನನ್ನ ಪುಸ್ತಕ ತೆರೆದು ನೋಡಿ ನಕ್ಕಳು. ನಾನು ಮುಖ್ಯ ಅನ್ನಿಸಿದ್ದಕ್ಕೆಲ್ಲ ಹಳದಿ ಹೈಲೈಟರ್ ಹಚ್ಚಿದ್ದೆ. ಸರ್ಕಾರಿ ನಿಯಮದಲ್ಲಿ ಮುಖ್ಯವಲ್ಲದ್ದು ಯಾವುದು ಹೇಳಿ? ಪುಸ್ತಕಕ್ಕೆ ಕಾಮಾಲೆ ಹಿಡಿದಿತ್ತು. “ಅಪ್ಪಾ, ಗೆರೆ ಎಳೆಯೋದ್ರಿಂದ ಹೆಚ್ಚೇನೂ ಉಪಯೋಗ ಇಲ್ಲ ಅಂತ ಅಮೆರಿಕದವರು 2013ರಲ್ಲೇ ಹೇಳಿದ್ದಾರೆ” ಅಂದಳು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮಹಾಶಯನ ಮರೆವಿನ ಗೆರೆಯನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದಳು. ಅರ್ಥವೇ ಇಲ್ಲದ ಅಕ್ಷರಗಳನ್ನು ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆಂದು ತನ್ನನ್ನೇ ಅಳೆದುಕೊಂಡು 1885ರಲ್ಲಿ ಪುಸ್ತಕ ಬರೆದವನು ಆತ. ಪಾಪ, ಅಷ್ಟೊಂದು ಕಷ್ಟಪಟ್ಟು ಅರ್ಥವಿಲ್ಲದ್ದನ್ನು ತಾನೇ ಹೊಸೆಯಬೇಕಾಯಿತು. ನಮ್ಮ ಖಜಾನೆ ಸಂಹಿತೆ ಆಗ ಇರಲಿಲ್ಲವಲ್ಲ.

ಕೊನೆಗೆ ಪೊಮೊಡೊರೊ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿಗೆ ನನ್ನ ಹಾಗೇ ಓದಲು ಮನಸ್ಸು ನಿಲ್ಲುತ್ತಿರಲಿಲ್ಲವಂತೆ. ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕೂತ. 25 ನಿಮಿಷ ಓದು, 5 ನಿಮಿಷ ಬಿಡುವು. ಇಟಲಿ ಭಾಷೆಯಲ್ಲಿ ಪೊಮೊಡೊರೊ ಅಂದರೆ ಟೊಮ್ಯಾಟೊ. ಹಾಗಾಗಿ 25 ನಿಮಿಷ ಓದಿದರೆ ‘ಒಂದು ಟೊಮ್ಯಾಟೊ’ ಆಯ್ತು ಎಂದು ಲೆಕ್ಕ. ಮಧ್ಯೆ ಯಾರಾದರೂ ಮಾತಾಡಿಸಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ.

ಈ ಪದ್ಧತಿಯನ್ನು ಜಗತ್ತಿನ ಯಾವ ಊರಿಗಾದರೂ ತನ್ನಿ, ಕೋಲಾರಕ್ಕೆ ಮಾತ್ರ ತರಬೇಡಿ. ಅದರಲ್ಲೂ ನಲವತ್ತು ವರ್ಷ ಟೊಮ್ಯಾಟೊ ಬೆಳೆದ ಅಪ್ಪ ಇರುವ ಮನೆಗೆ.

ಅಪ್ಪ ಮೊದಲ ದಿನ ಟೈಮರನ್ನು ಅಂಗೈಯಲ್ಲಿ ತೂಗಿ ನೋಡಿದರು. “ಎಷ್ಟು ಕೊಟ್ಟೆ?” ಮುನ್ನೂರ ತೊಂಬತ್ತೊಂಬತ್ತು ಅಂದೆ. “ಮಂಡೀಲಿ ಇವತ್ತು ಬಾಕ್ಸ್ ನೂರಮೂವತ್ತು. ಮೂರು ಬಾಕ್ಸ್ ಹಣ್ಣಿನ ದುಡ್ಡು ಕೊಟ್ಟು ಒಂದು ಪ್ಲಾಸ್ಟಿಕ್ ಹಣ್ಣು ತಂದಿದ್ದೀಯಲ್ಲೋ!”

ಅಲ್ಲಿಂದ ಶುರು. ನಾನು ಕೂತು ಸರಿಯಾಗಿ ಹತ್ತೊಂಬತ್ತನೇ ನಿಮಿಷಕ್ಕೆ ಬಾಗಿಲು ಕಿರ್ ಅನ್ನುತ್ತದೆ. ಇಪ್ಪತ್ತನೆಯದಕ್ಕೂ ಅಲ್ಲ, ಹದಿನೆಂಟನೆಯದಕ್ಕೂ ಅಲ್ಲ. ಅಪ್ಪನ ತಲೆ ಒಳಗೆ ಬರುತ್ತದೆ. “ಹಣ್ಣಾಯ್ತೇನೋ?” ಆರು ನಿಮಿಷ ಇದೆ ಅನ್ನುತ್ತೇನೆ. ಬಾಯಿ ತೆಗೆದ ಕೂಡಲೇ ಆ ಟೊಮ್ಯಾಟೊ ಕೊಳೆಯಿತು. ಕೀ ತಿರುಗಿಸಿ ಮತ್ತೆ ಕೂರುತ್ತೇನೆ. ಮತ್ತೆ ಹತ್ತೊಂಬತ್ತು. “ಈಗ?” ಒಂದು ದಿನ ಚಿಲಕ ಹಾಕಿಕೊಂಡೆ. ಕಿಟಕಿಗೆ ಬಂದರು. ಅವರದ್ದೂ ತಪ್ಪು ಅನ್ನಲಾರೆ. ತೋಟದಲ್ಲಿ ಹೋಗಿ ಹೋಗಿ ನೋಡದೆ ಯಾವ ಹಣ್ಣು ತಾನೇ ಬಿಟ್ಟೀತು?

ಲೆಕ್ಕ ಬೇರೆ. ಮನೆಗೆ ಬಂದವರ ಮುಂದೆಲ್ಲ “ನಮ್ಮ ಹುಡುಗ ದಿನಕ್ಕೆ ಎರಡು ಟೊಮ್ಯಾಟೊ ಓದ್ತಾನೆ” ಎನ್ನುತ್ತಾರೆ. ಬಂದವರು ನನ್ನ ಕಡೆ ಒಂಥರಾ ನೋಡುತ್ತಾರೆ. “ಹದಿನೈದು ಕೆಜಿ ಬಾಕ್ಸಿಗೆ ಹತ್ತಿರ ಹತ್ತಿರ ನೂರೈವತ್ತು ಹಣ್ಣು. ದಿನಕ್ಕೆ ಎರಡಂದ್ರೆ ಬಾಕ್ಸ್ ತುಂಬೋಕೆ ಎರಡೂವರೆ ತಿಂಗಳು. ಅಷ್ಟರಲ್ಲಿ ನಾಟಿ ಮಾಡಿದ ಸಸಿ ಕುಯ್ಲಿಗೆ ಬರುತ್ತೆ. ಇವನು ಇನ್ನೂ ರಜೆ ನಿಯಮದಲ್ಲೇ ಇರ್ತಾನೆ!”

ಸಿಟ್ಟು ಬರುತ್ತದೆ. ಆದರೆ ಅಪ್ಪನ ನೆನಪಿನ ಮುಂದೆ ನಾನು ಬಾಯಿ ತೆಗೆಯುವ ಹಾಗಿಲ್ಲ. ಯಾವ ವರ್ಷ, ಯಾವ ತಿಂಗಳು, ಬಾಕ್ಸ್ ಎಷ್ಟಕ್ಕೆ ಹೋಯಿತು, ಕೇಳಿ ನೋಡಿ, ತಡವರಿಸುವುದಿಲ್ಲ. 2023ರ ಜುಲೈನಲ್ಲಿ ಬಾಕ್ಸಿಗೆ 2,000 ದಾಟಿದ್ದು ಎಲ್ಲರಿಗೂ ನೆನಪಿದೆ. ಅಪ್ಪನಿಗೆ ಸ್ವಲ್ಪ ಜಾಸ್ತಿ ನೆನಪು. ಆ ವರ್ಷ ಅವರು ಬೀನ್ಸ್ ಹಾಕಿದ್ದರು.

ಅಪ್ಪನಿಗೆ ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಬೆಳಗಿನ ಜಾವ ಮಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಹರಾಜಿನ ಸರದಿ ಬರುವತನಕ ಬೋರಲು ಹಾಕಿದ ಪೆಟ್ಟಿಗೆ ಮೇಲೆ ಕೂತು ಬಲ್ಬಿನ ಬೆಳಕಲ್ಲಿ ಓದುವುದು. ಅಪ್ಪ ಪುಸ್ತಕ ಕಿತ್ತುಕೊಂಡು “ಹೇಳು ನೋಡೋಣ” ಅನ್ನುತ್ತಿದ್ದರು. ಪುಸ್ತಕ ಎಷ್ಟೋ ಸಲ ತಲೆಕೆಳಗಾಗಿರುತ್ತಿತ್ತು. ಅವರು ನೋಡುತ್ತಿದ್ದದ್ದು ನನ್ನ ಮುಖ. ನಾನು ಎಲ್ಲಿ ನಿಲ್ಲಿಸಿದೆನೋ ಅಲ್ಲಿ “ತಪ್ಪು” ಎನ್ನುತ್ತಿದ್ದರು. ಒಂದು ಸಲವೂ ಅವರ ಲೆಕ್ಕ ತಪ್ಪಲಿಲ್ಲ. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ ವಾರ ಕಳೆದರೂ ಜಾಸ್ತಿ ನೆನಪಿರುತ್ತದೆ ಎಂದು ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ತೋರಿಸಿಕೊಟ್ಟರು ಅಂತ ಮಗಳು ಮೊನ್ನೆ ಓದಿ ಹೇಳಿದಳು. ಅಪ್ಪ ಬೀಡಿ ಸೇದುತ್ತಾ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.

ನಿನ್ನೆ ಫ್ರಿಜ್ಜಿನ ಗಲಾಟೆ ಮುಗಿದ ಮೇಲೆ ಅಪ್ಪನೇ ಪುಸ್ತಕದ ಮೇಲಿನ ಸಾರು ಒರೆಸಿದರು. ತೊಗರಿಬೇಳೆಯೂ ಹಳದಿ, ಹೈಲೈಟರೂ ಹಳದಿ. ಯಾವುದು ಹೋಯಿತು, ಯಾವುದು ಉಳಿಯಿತು ತಿಳಿಯಲಿಲ್ಲ. ಪುಸ್ತಕ ಕೈಯಲ್ಲೇ ಇಟ್ಟುಕೊಂಡು ಕುರ್ಚಿ ಎಳೆದುಕೊಂಡರು.

“ಹೇಳು ನೋಡೋಣ.”

“ಗಳಿಕೆ ರಜೆ. ಜನವರಿ ಒಂದನೇ ತಾರೀಕು 15 ದಿನ ಜಮೆ. ಜುಲೈ ಒಂದನೇ ತಾರೀಕು 15 ದಿನ ಜಮೆ. ಅರ್ಧ ವೇತನ ರಜೆ ಬೇರೆ, ಅದು ವರ್ಷಕ್ಕೆ...”

ನಿಂತೆ.

ಅಪ್ಪ “ತಪ್ಪು” ಅನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಅಂದ್ರೆ ವರ್ಷಕ್ಕೆ ಮೂವತ್ತು ದಿನ ಕೆಲಸಕ್ಕೆ ಹೋಗದೆ ಇದ್ರೂ ಸಂಬಳ ಕೊಡ್ತಾರಾ?”

“ಹೂಂ.”

“ಅದರ ಮೇಲೆ ಅರ್ಧ ಸಂಬಳದ್ದು ಬೇರೆ?”

“ಹೂಂ ಅಪ್ಪ.”

“ಇಷ್ಟು ಕೊಟ್ರೆ ನಾನು ಜನ್ಮದಲ್ಲಿ ಮರೀತಿರಲಿಲ್ಲ ಕಣೋ” ಎಂದು ಪುಸ್ತಕ ನನ್ನ ತೊಡೆ ಮೇಲೆ ಹಾಕಿ ಮಲಗಲು ಹೋದರು.