ಲೆ ಸೊಮೇರ್ ಅವರನ್ನು ಯೂರೊ ತಂಡದಿಂದ ಕೈಬಿಟ್ಟದ್ದು ಸರಿಯೇ?

ಫ್ರಾನ್ಸ್ ಮಹಿಳಾ ಫುಟ್‌ಬಾಲ್ ತಂಡದ ಪರ 200 ಪಂದ್ಯ ಆಡಿ 94 ಗೋಲು ಹೊಡೆದ ಯುಜೇನಿ ಲೆ ಸೊಮೇರ್ ಅವರನ್ನು ಕೋಚ್ ಲೋರಾಂ ಬೊನಾದೆಯಿ 2025ರ ಯೂರೊಗೆ (ಯುರೋಪಿನ ದೇಶಗಳ ಚಾಂಪಿಯನ್‌ಷಿಪ್‌ಗೆ) ಆರಿಸಲಿಲ್ಲ. ಆಗ ಅವರಿಗೆ 36 ವರ್ಷ. ಡಿಫೆಂಡರ್ ವೆಂಡಿ ರೆನಾರ್, ಮಿಡ್‌ಫೀಲ್ಡರ್ ಕೆಂಜಾ ದಾಲಿ ಅವರನ್ನೂ ಕೈಬಿಡಲಾಯಿತು. ಅದು ಸರಿಯೇ ಎಂಬುದರ ಮೇಲೆ ಇಬ್ಬರ ವಾದ ಇಲ್ಲಿದೆ.

ಪರ: ಸಾಲಿನಲ್ಲಿ ನಿಂತವರಿಗೂ ಜಾಗ ಬೇಕು

ಈ ಪಕ್ಷ ನಾನಾಗಿ ಆರಿಸಿಕೊಂಡದ್ದಲ್ಲ, ನನ್ನ ಪಾಲಿಗೆ ಬಂದದ್ದು. ಬಂದ ಮೇಲೆ ವಾದಿಸಬೇಕಲ್ಲ.

2013 ಮತ್ತು 2017ರ ಯೂರೊ. 2015, 2019, 2023ರ ವಿಶ್ವಕಪ್. 2016, 2024ರ ಒಲಿಂಪಿಕ್ಸ್. ಈ ಏಳೂ ಟೂರ್ನಿಗಳಲ್ಲಿ ಲೆ ಸೊಮೇರ್ ಇದ್ದರು, ಏಳರಲ್ಲೂ ಫ್ರಾನ್ಸ್ ಮುಗ್ಗರಿಸಿದ್ದು ಕ್ವಾರ್ಟರ್‌ಫೈನಲ್‌ನಲ್ಲಿ. 2011ರ ವಿಶ್ವಕಪ್‌ನಲ್ಲಿ, ಮರುವರ್ಷದ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಸಿಕ್ಕಿದ್ದು ನಿಜ, ಆದರೆ ಅದು ಹಳೇ ಮಾತು. ಯೂರೊದಲ್ಲಿ ಫ್ರಾನ್ಸ್ ಮೊಟ್ಟಮೊದಲು ಸೆಮಿಫೈನಲ್ ಕಂಡದ್ದು 2022ರಲ್ಲಿ. ಆ ತಂಡದಲ್ಲಿ ಲೆ ಸೊಮೇರ್ ಇರಲಿಲ್ಲ. ಸೋಲಿಗೆಲ್ಲ ಅವರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಏಳು ಸಲ ಅಡುಗೆ ಸೀದ ಒಲೆಯಲ್ಲಿ ಎಂಟನೇ ಸಲವೂ ಅದೇ ಪಾತ್ರೆ ಇಡುವವರು ಯಾರು?

ಬೊನಾದೆಯಿ ಹೊರಗಿನಿಂದ ಬಂದವರಲ್ಲ. ಹಿಂದಿನ ಕೋಚ್ ಎರ್ವೆ ರೆನಾರ್ ಅವರ ಸಹಾಯಕರಾಗಿ 2023ರ ವಿಶ್ವಕಪ್ ಸೋಲನ್ನೂ 2024ರ ಒಲಿಂಪಿಕ್ಸ್ ಸೋಲನ್ನೂ ಬೆಂಚಿನಿಂದಲೇ ನೋಡಿದವರು. ಇನ್ನೊಂದು ಮಾತು. ಯುವ ಸ್ಟ್ರೈಕರ್ ಮರಿ-ಆಂತ್ವನೆತ್ ಕತೊಟೊ 2018-19ರ ಫ್ರೆಂಚ್ ಲೀಗಿನಲ್ಲಿ 22 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಆ ವರ್ಷದ ವಿಶ್ವಕಪ್ ನಡೆದದ್ದು ಫ್ರಾನ್ಸಿನಲ್ಲೇ, ಆದರೂ ಅವರಿಗೆ ಜಾಗವಿರಲಿಲ್ಲ. ಹಿರಿಯರ ಬಗ್ಗೆ ಕಣ್ಣೀರು ಹಾಕುವವರು ಅಂದು ಕತೊಟೊಗಾಗಿ ಎಷ್ಟು ಹಾಕಿದರೋ ಗೊತ್ತಿಲ್ಲ.

2025ರ ಯೂರೊ ಗುಂಪಿನಲ್ಲಿ ಹೊಸ ತಂಡ ಇಂಗ್ಲೆಂಡನ್ನು 2–1, ವೇಲ್ಸ್ ಅನ್ನು 4–1, ನೆದರ್ಲೆಂಡ್ಸನ್ನು 5–2ರಿಂದ ಸೋಲಿಸಿತು. ಮೂರು ಪಂದ್ಯ, ಹನ್ನೊಂದು ಗೋಲು. ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ಸೋತದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಶೂಟೌಟ್‌ನಲ್ಲಿ ಏನು ಬೇಕಾದರೂ ಆಗಬಹುದು, ಅದನ್ನು ಹಿಡಿದು ಯಾರೂ ವಾದಿಸಬಾರದು. ಕೈಬಿಟ್ಟ ಮೂವರಲ್ಲಿ ಒಬ್ಬರನ್ನಾದರೂ ಉಳಿಸಿಕೊಳ್ಳಬಹುದಿತ್ತೇನೋ. ಅದನ್ನು ಹೇಳುವುದು ನನ್ನ ಪಕ್ಷದ ಕೆಲಸವಲ್ಲ.

ವಿರೋಧ: ತಪ್ಪು, ನೂರಕ್ಕೆ ನೂರು ತಪ್ಪು

ಶೂಟೌಟ್ ಬಗ್ಗೆ ಮಾತಾಡಬಾರದಂತೆ. ಸರಿ, ಅದಕ್ಕಿಂತ ಮುಂಚಿನ 120 ನಿಮಿಷಗಳ ಬಗ್ಗೆ ಮಾತಾಡೋಣ.

ಜುಲೈ 19, ಬಾಸೆಲ್, ಕ್ವಾರ್ಟರ್‌ಫೈನಲ್. ನಮ್ಮಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ಹದಿಮೂರನೇ ನಿಮಿಷಕ್ಕೆ ಜರ್ಮನಿಯ ಹೆಂಡ್ರಿಶ್ ಎದುರಾಳಿಯ ಕೂದಲು ಹಿಡಿದು ಜಗ್ಗಿದರು. ಕೆಂಪು ಕಾರ್ಡ್, ಪೆನಾಲ್ಟಿ, ಗ್ರೇಸ್ ಗೆಯೊರೊ ಹೊಡೆದ ಗೋಲು. ಇನ್ನು ಮಲಗಬಹುದು ಎಂದು ದಿಂಬು ಸರಿಮಾಡಿಕೊಂಡೆ. ಹತ್ತೇ ಜನರ ಜರ್ಮನಿ ಸ್ವಲ್ಪ ಹೊತ್ತಿಗೆ ಸಮ ಮಾಡಿತು. ಅಲ್ಲಿಂದ ಮುಂದೆ, ಹೆಚ್ಚುವರಿ ಸಮಯವೂ ಸೇರಿ, ಹನ್ನೊಂದು ಜನರಿಂದ ಲೆಕ್ಕಕ್ಕೆ ಬರುವ ಒಂದೇ ಒಂದು ಗೋಲು ಆಗಲಿಲ್ಲ. ಒಂದು! ಕಡೆಗೆ ಶೂಟೌಟ್‌ನಲ್ಲಿ 6–5ರಿಂದ ಜರ್ಮನಿ ಗೆದ್ದಿತು. ಲೆ ಸೊಮೇರ್ ಇದ್ದರೆ ಕ್ವಾರ್ಟರ್‌ಫೈನಲ್ ದಾಟುವುದಿಲ್ಲ ಅಂದಿರಿ. ತೆಗೆದಿರಿ. ದಾಟಿದಿರಾ?

2022ರ ಸೆಮಿಫೈನಲ್ ಮಾತು ಬಿಡಿ. ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತು ಅನ್ನುವವರ ಜೊತೆ ವಾದ ಬೇಡ.

ಎದುರು ತಂಡದವರೆಲ್ಲ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಾಗ ಓಟದಿಂದ ಏನೂ ಗಿಟ್ಟುವುದಿಲ್ಲ. ಎರಡು ಹೆಜ್ಜೆಯ ಜಾಗದಲ್ಲಿ ತಿರುಗಿ ಒದೆಯಬಲ್ಲವರು ಬೇಕು. ಬ್ರಿಟನಿ ಸೀಮೆಯ ಲೋರಿಯಾಂ, ಸೇಂ-ಬ್ರಿಯೂಗಳಲ್ಲಿ ಆಡಿ 2010ರಲ್ಲಿ ಲಿಯೋನ್ ಕ್ಲಬ್‌ಗೆ ಬಂದ ಈ ಕುಳ್ಳ ಹೆಂಗಸು ಅದನ್ನೇ ಮಾಡಿಕೊಂಡು ಯುರೋಪಿನ ಕ್ಲಬ್‌ಗಳ ಎಂಟು ಚಾಂಪಿಯನ್ಸ್ ಲೀಗ್ ಗೆದ್ದರು. 2012ರಲ್ಲಿ ಮ್ಯೂನಿಕ್‌ನ ಫೈನಲ್‌ನಲ್ಲಿ ಗೋಲು, 2020ರ ಫೈನಲ್‌ನಲ್ಲಿ ವೋಲ್ಫ್ಸ್‌ಬರ್ಗ್ ಎದುರು ಗೋಲು. 2019ರ ವಿಶ್ವಕಪ್‌ನ ಮೊಟ್ಟಮೊದಲ ಗೋಲು, ಒಂಬತ್ತನೇ ನಿಮಿಷಕ್ಕೆ, ಪ್ಯಾರಿಸ್‌ನಲ್ಲಿ. ಮರುವರ್ಷ ಫ್ರಾನ್ಸ್ ಪರ ಮರಿನೆತ್ ಪಿಶೋಂ ಅವರ 81 ಗೋಲುಗಳ ದಾಖಲೆಯನ್ನೂ ದಾಟಿದರು.

ಆಕೆಯನ್ನು ಮನೆಗೆ ಕಳಿಸಿದ್ದು ಇದೇ ಮೊದಲಲ್ಲ. ಎರ್ವೆ ರೆನಾರ್‌ಗಿಂತ ಮುಂಚಿನ ಕೋಚ್ ಕೊರಿನ್ ದಿಯಾಕ್ರ್ 2021ರಿಂದ ಸುಮಾರು ಎರಡು ವರ್ಷ ಕರೆಯಲೇ ಇಲ್ಲ. 2023ರಲ್ಲಿ ದಿಯಾಕ್ರ್ ಹೋದರು, ಈಕೆ ಬಂದರು. ಬಂದು ಆ ವರ್ಷದ ವಿಶ್ವಕಪ್‌ನಲ್ಲಿ ಬ್ರೆಜಿಲ್ ಎದುರು ಒಂದು, ಮೊರಾಕ್ಕೊ ಎದುರು ಎರಡು ಗೋಲು. ಬ್ರೆಜಿಲ್ ಎದುರಿನದು, ಕೇಳಿ, ತಲೆಯಿಂದ ಹೊಡೆದದ್ದು! ಮುದುಕಿ ಅಂದವರು ಆಗ ಎಲ್ಲಿದ್ದರು? 2025ರ ಬೇಸಿಗೆಯಲ್ಲಿ ಫ್ರಾನ್ಸಿಗೆ ಬೇಡವಾದ ಮೇಲೂ ಆಕೆ ಬೂಟು ತೂಗುಹಾಕಲಿಲ್ಲ, ಮೆಕ್ಸಿಕೋದ ಟೊಲೂಕಾ ಕ್ಲಬ್ ಸೇರಿದರು.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಮನೆಯಲ್ಲೂ ಕೇಳಿದರು. ಡಿಗ್ರಿಯ ಮೂರು ವರ್ಷ ನಾನು ಖೋ ಖೋ ತಂಡದಲ್ಲಿ ಆಡಿದವಳು. ಎಂ.ಎ. ಸೇರಿದ ವರ್ಷ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಟೈಪ್ ಮಾಡುವಾಗ ಬಿಟ್ಟುಹೋಗಿರಬೇಕು ಅಂದುಕೊಂಡು ಮೇಷ್ಟ್ರನ್ನು ಕೇಳಿದೆ. "ನೀನು ಬೇಕಾದಷ್ಟು ಆಡಿದ್ದೀಯಲ್ಲಮ್ಮ, ಚಿಕ್ಕವರೂ ಆಡಲಿ ಬಿಡು" ಅಂದರು. ಚಿಕ್ಕವಳು ಅಂದರೆ ನನಗಿಂತ ಎರಡು ವರ್ಷ ಕಿರಿಯಳು. ಓಟದಲ್ಲಿ ಚಿಗರೆ. ಕಂಬದ ಹತ್ತಿರ ತಿರುಗುವುದು ಮಾತ್ರ ಬರುತ್ತಿರಲಿಲ್ಲ. "ಅಕ್ಕಾ, ಇನ್ನೊಂದ್ಸಲ ತೋರಿಸಿ" ಅಂತ ಸಂಜೆ ಹೊತ್ತು ಹಿಂದೆ ಬೀಳುತ್ತಿದ್ದಳು, ತೋರಿಸುತ್ತಿದ್ದೆ. ಅವಳ ಮೇಲೆ ನನಗೆ ಇಂದಿಗೂ ಬೇಜಾರಿಲ್ಲ.

ಫೈನಲ್ ದಿನ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು, ಗ್ಲೂಕೋಸ್ ನೀರಿನ ಉಸ್ತುವಾರಿಗೆ. ಕೊನೆಯ ನಿಮಿಷದಲ್ಲಿ ಅವಳು ಎದುರಾಳಿಯನ್ನು ಕಂಬದ ತನಕ ಅಟ್ಟಿಕೊಂಡು ಬಂದು ಒಂದು ಹೆಜ್ಜೆ ಮುಂಚೆಯೇ ಹಾರಿದಳು. ಕೈಗೆ ಸಿಕ್ಕಿದ್ದು ಮಣ್ಣು. ಕೊಡದ ಪಕ್ಕ ನಿಂತಿದ್ದ ನಾನು "ಕಂಬ ಹಿಡ್ಕೊಂಡು ತಿರುಗೇ" ಅಂತ ಗಂಟಲು ಹರಿಯುವಂತೆ ಕೂಗಿದ್ದೆ. ಆ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಲ್ಲವಂತೆ.