ಆಕಾಶದ ಸೀಟಿಗೊಂದು ಟವೆಲ್

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿ ಸೀಟು ಹಿಡಿಯುವ ವಿದ್ಯೆ ನಮ್ಮೊಬ್ಬರದೇ ಅಂದುಕೊಂಡಿದ್ದೀರಾ? ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಟವೆಲ್ ಬದಲು ಇಡೀ ಏರ್‌ಬಸ್ಸನ್ನೇ ಹಾಸಿದ್ದಾರೆ.

ಅಲ್ಲಿ ಸೀಟಿಗೆ ಸ್ಲಾಟ್ ಎನ್ನುತ್ತಾರೆ: ಇಂಥ ದಿನ, ಇಂಥ ಹೊತ್ತಿಗೆ ರನ್‌ವೇ ಬಳಸಲು ಸಿಗುವ ಅನುಮತಿ. ದಟ್ಟಣೆಯ ನಿಲ್ದಾಣಗಳಲ್ಲಿ ಜಗತ್ತು ಪಾಲಿಸುವ ಸೂತ್ರವಿಷ್ಟೆ, ಹಂಚಿದ್ದರಲ್ಲಿ ಶೇ. 80 ಬಳಸಿದರೆ ಮುಂದಿನ ವರ್ಷವೂ ನಿಮ್ಮದೇ. ಉದ್ಯಮದವರು ಇದನ್ನು ‘ಗ್ರ್ಯಾಂಡ್‌ಫಾದರ್ ರೈಟ್ಸ್’ ಎನ್ನುತ್ತಾರೆ; ನಮ್ಮಲ್ಲಿ ಪಿತ್ರಾರ್ಜಿತ. ಉಳುವವನೇ ಹೊಲದೊಡೆಯ ಇದ್ದಂತೆ, ಹಾರಿಸುವವನೇ ಹೊತ್ತಿನೊಡೆಯ. ಉತ್ತರೆ ಸಾಕು, ಬಿತ್ತಲೇಬೇಕೆಂದಿಲ್ಲ. ವಿಮಾನ ಏರಿತೇ, ಇಳಿಯಿತೇ ಎಂದಷ್ಟೇ ಲೆಕ್ಕ. ಒಳಗೆ ಯಾರಿದ್ದರು ಎಂದು ಕೇಳುವವರಿಲ್ಲ.

30 ವಾರದ ಬೇಸಿಗೆ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಸ್ಲಾಟ್ ಇದೆ ಅನ್ನಿ. 24 ಬಾರಿ ಹಾರಿದರೆ ಆಸ್ತಿ ಭದ್ರ, 23ಕ್ಕೆ ನಿಂತರೆ ಕೈತಪ್ಪಿತು. ಬೇಡವೆಂದರೆ ಜನವರಿ 31ರೊಳಗೆ ಮರಳಿಸಬಹುದು, ಅದು ಲೆಕ್ಕಕ್ಕೆ ಬರದು. ಆದರೆ ಚಿನ್ನದ ಮೊಟ್ಟೆಯನ್ನು ಯಾರು ಮರಳಿಸುತ್ತಾರೆ? 2016ರಲ್ಲಿ ಹೀಥ್ರೂನ ಒಂದು ಜೋಡಿ ಸ್ಲಾಟಿಗೆ (ಇಳಿಯಲೊಂದು, ಏರಲೊಂದು) ಒಮಾನ್ ಏರ್ 7.5 ಕೋಟಿ ಡಾಲರ್ ಸುರಿಯಿತೆಂದು ವರದಿಯಾಗಿತ್ತು.

ಹಾಗಾಗಿಯೇ ಬ್ರಿಟಿಷ್ ಮೆಡಿಟರೇನಿಯನ್ ಏರ್‌ವೇಸ್ ಎಂಬ ಕಂಪನಿ ತಾಷ್ಕೆಂಟ್ ಸೇವೆ ನಿಲ್ಲಿಸಿದ ಮೇಲೆ, 2006–07ರ ಚಳಿಗಾಲದಲ್ಲಿ, ಹೀಥ್ರೂನಿಂದ ವೇಲ್ಸಿನ ಕಾರ್ಡಿಫ್‌ಗೆ ವಾರಕ್ಕೆ ಆರು ಬಾರಿ ಖಾಲಿ ವಿಮಾನ ಹಾರಿಸಿತು. ಹೋಗಿ ಬಂದದ್ದು ಪೈಲಟ್, ಸುಟ್ಟದ್ದು ಇಂಧನ, ಉಳಿದದ್ದು ಟವೆಲ್.

ಕೋವಿಡ್ ಬಂದಾಗ ಯುರೋಪು ಮೊದಲು ನಿಯಮಕ್ಕೆ ರಜೆ ಕೊಟ್ಟಿತು. 2021–22ರ ಚಳಿಗಾಲಕ್ಕೆ ಶೇ. 50 ಬಳಸಿದರೆ ಸಾಕು ಎಂದಿತು. ಆಗ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ, ಸ್ಲಾಟ್ ಉಳಿಸಲೆಂದೇ 18,000 ಅನಗತ್ಯ ಹಾರಾಟ ನಡೆಸಬೇಕಾಗಿದೆ ಎಂದು ಗೋಳಿಟ್ಟಿತು. ಅಷ್ಟು ಸಂಕಟವಾದರೆ ಟಿಕೆಟ್ ಅಗ್ಗ ಮಾಡಿ ಮಾರಿ ಎಂದು ಅಗ್ಗದ ಟಿಕೆಟ್ಟಿನ ಕಂಪನಿ ರಯನೇರ್ ಕುಟುಕಿತು. ಸರಳ ಉಪಾಯ, ಆದ್ದರಿಂದಲೇ ಹಿಡಿಸಲಿಲ್ಲವೇನೋ.

ಖಾಸಗಿ ಜೆಟ್‌ಗಳಿಗೆ ಈ ಪಿತ್ರಾರ್ಜಿತವಿಲ್ಲ. ಹೀಥ್ರೂನಲ್ಲಿ ಅಳಿದುಳಿದ ಹೊತ್ತನ್ನು ಆಯ್ದುಕೊಳ್ಳಬೇಕು, ಇಲ್ಲವೇ ಲಂಡನ್ ಆಸುಪಾಸಿನ ಸಣ್ಣ ನಿಲ್ದಾಣಗಳಾದ ಫಾರ್ನ್‌ಬರೋ, ಬಿಗಿನ್ ಹಿಲ್ ಕಡೆ ಇಳಿಯಬೇಕು. ಧಣಿಯನ್ನು ಬಿಟ್ಟು ಖಾಲಿ ಮರಳುವ ಹಾರಾಟಕ್ಕೆ ಅವರು ‘ಎಂಪ್ಟಿ ಲೆಗ್’ ಎಂದು ಹೆಸರಿಟ್ಟು ರಿಯಾಯಿತಿಯಲ್ಲಿ ಮಾರುತ್ತಾರೆ. ಕಾರ್ಡಿಫ್ ವಿಮಾನಕ್ಕೋ, ದುಡ್ಡು ಕೊಡುತ್ತೇನೆಂದರೂ ಟಿಕೆಟ್ ಇರಲಿಲ್ಲ.