ಸ್ಟೂಲಿಗಿಂತ ಧೂಳೇ ದುಬಾರಿ

ಹುಬ್ಬಳ್ಳಿಯವರಿಗೆ ಧೂಳು ಹೊಸದಲ್ಲ. ಬಸ್ಸಿಳಿದ ನೆಂಟರು 'ಇದು ಹುಬ್ಬಳ್ಳಿಯೋ ಧೂಳಬಳ್ಳಿಯೋ' ಅಂತ ಹಳೇ ಜೋಕು ಹೊಡೆದರೆ ಸುಮ್ನೆ ನಕ್ಕು ಚಹಾ ಕೊಡುತ್ತೇವೆ. ನಿವೃತ್ತಿಯಾದ ಮೇಲೆ ಸ್ಕೂಟರಿನ ಶೆಡ್ಡಿನಲ್ಲಿ ಬಡಿಗತನ ಶುರುಮಾಡಿ, ಊರಿನ ಧೂಳಿಗೆ ನನ್ನ ಪಾಲನ್ನೂ ಸೇರಿಸಿದೆ.

ಮಾಡಲು ಹೊರಟಿದ್ದು ಒಂದೇ ಒಂದು ಸ್ಟೂಲು. ಸಾಗವಾನಿ ಕಾಲು, ಮೇಲೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ. ಕೊಯ್ದಾಗ ಬಿದ್ದ ಹೊಟ್ಟು ಕಸಬರಿಗೆಗೆ ಸಿಕ್ಕಿತು. ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಹಚ್ಚಿದಾಗ ಎದ್ದ ಧೂಳು ಮಾತ್ರ ಜಪ್ಪಯ್ಯ ಅಂದರೂ ಸಿಗಲಿಲ್ಲ. ಗುಡಿಸಿದರೆ ಏಳುತ್ತದೆ, ಬಿಟ್ಟರೆ ಕೂಡುತ್ತದೆ.

ಹೆಂಡತಿ ಗುಡಿಗೆ ಹೋದ ಹೊತ್ತು ನೋಡಿ ಮನೆಯ ವ್ಯಾಕ್ಯೂಮ್ ಕ್ಲೀನರ್ ಎತ್ತಿಕೊಂಡು ಬಂದೆ. ಐದು ನಿಮಿಷ ಚೆನ್ನಾಗಿ ನುಂಗಿತು. ಆಮೇಲೆ ಚೀಲ ಕಟ್ಟಿಕೊಂಡು ಉಬ್ಬಸ ಹಿಡಿಯಿತು. ಮುಂದಿನಿಂದ ಎಳೆದ ನುಣ್ಣನೆ ಧೂಳನ್ನೆಲ್ಲ ಹಿಂದಿನಿಂದ ಬಿಡುತ್ತಿತ್ತು, ದೇವರಗುಡ್ಡದ ಜಾತ್ರೆಯಲ್ಲಿ ಭಂಡಾರದ ಅರಿಸಿನ ಹಾರಿಸಿದ ಹಾಗೆ.

ಹಿಡಿಯುವುದೇ ಬೇಡ, ಓಡಿಸೋಣ ಅಂತ ಗಾಳಿ ಊದುವ ಬ್ಲೋವರ್ ತಂದೆ. ಎರಡು ನಿಮಿಷಕ್ಕೆ ಶೆಡ್ಡು ಲಕಲಕ. ಪಕ್ಕದ ಮನೆ ವೈನಿ ಮಾಳಿಗೆಯಿಂದ ಕೂಗಿದರು: "ಏನ್ರೀ, ನಮ್ಮ ಸಂಡಿಗಿ ಮ್ಯಾಲೆ ರವಾ ಉದುರಸಾಕತ್ತೀರೇನು?" ಆ ವರ್ಷದ ಸಂಡಿಗೆಗೆ ಸಾಗವಾನಿ ವಾಸನೆ ಇತ್ತಂತೆ. ನಮಗಂತೂ ಕೊಡಲಿಲ್ಲ.

ಮೂರನೆಯದು ನೀರು, ಕಸ ಎರಡನ್ನೂ ಎಳೆಯುವ ಯಂತ್ರ. 20 ಲೀಟರ್, 1400 ವ್ಯಾಟ್. ಅಂಗಡಿಯವ ವ್ಯಾಟ್ ಮಾತ್ರ ಹೇಳಿದ, ಫಿಲ್ಟರ್ ಬಗ್ಗೆ ನಾನೂ ಕೇಳಲಿಲ್ಲ. ನೀರೆಳೆಯುವಾಗ ಹಾಕುವ ಸ್ಪಂಜನ್ನೇ ಇಟ್ಟುಕೊಂಡು ಧೂಳು ಎಳೆದೆ. ಮತ್ತೆ ಭಂಡಾರ. ಅದೂ ಸಾಲದೆ ಅದೇ ಬೋರ್ಡಿಗೆ ಸ್ಯಾಂಡರ್ ಕೂಡ ಹಚ್ಚಿದೆ. 230 ವೋಲ್ಟಿಗೆ 1400 ವ್ಯಾಟ್ ಅಂದರೆ ಅದೊಂದೇ 6 ಆಂಪಿಯರ್ ತಿನ್ನುತ್ತದೆ. ನಮ್ಮ ಶೆಡ್ಡಿನದು 6 ಆಂಪಿಯರಿನ ಲೈಟಿನ ಲೈನು. ಲೋಡು ಹೆಚ್ಚಾದರೆ ಕರೆಂಟು ಕಡಿಯುವ ಎಂಸಿಬಿ ಬಿತ್ತು. ಒಳಗೆ ಧಾರಾವಾಹಿಯೂ ನಿಂತಿತು. ಮುಂದಿನದನ್ನು ಬರೆಯುವುದು ಬೇಡ.

ಓಣಿಯ ಹಿರಿಯ ಬಡಿಗರು ಬಂದು ನೋಡಿ, "ಹೊಟ್ಟು ಕಣ್ಣಿಗೆ ಕಾಣತೈತಿ, ಕಾಣದಿದ್ದದ್ದು ಪುಪ್ಪಸಕ್ಕ ಹೋಗತೈತ್ರೀ" ಅಂದರು. ಮಗಳು ಫೋನಿನಲ್ಲಿ ದನಿಗೂಡಿಸಿದಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆಯಂತೆ. ನಾನೋ, ಇಷ್ಟು ದಿನ ನೆಲ ಹೊಳೆಯಿತೇ ಇಲ್ಲವೇ ಅಂತ ನೋಡುತ್ತಿದ್ದೆ. ಮಾಸ್ಕು ಗೂಟದಲ್ಲೇ ನೇತಾಡುತ್ತಿತ್ತು.

ಬಡಿಗರು ಹೇಳಿದಂತೆ ಯಂತ್ರಕ್ಕೂ ಪೈಪಿಗೂ ನಡುವೆ ಸೈಕ್ಲೋನ್ ಕೂಡಿಸಿದೆ. ಆಲಿಕೆಯಂಥ ಪ್ಲಾಸ್ಟಿಕ್ಕು. ಅದರೊಳಗೆ ಗಾಳಿ ಗಿರಗಿರ ಸುತ್ತುತ್ತದೆ, ಹೊಟ್ಟೆಲ್ಲ ಕೆಳಗಿನ ಬಕೆಟ್ಟಿಗೆ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟುವುದಿಲ್ಲ. ಬಕೆಟ್ ಯಾಕೆ ಕೊಳ್ಳಬೇಕು ಅಂತ ಖಾಲಿ ಪೇಂಟಿನ ಡಬ್ಬಿ ಇಟ್ಟೆ. ಎಳೆತ ಎಷ್ಟಿದೆ ನೋಡೋಣ ಅಂತ ಪೈಪಿನ ಬಾಯಿಗೆ ಅಂಗೈ ಒತ್ತಿದೆ. ಡಬ್ಬಿ ಢಬ್ ಅಂತ ಒಳಗೆ ಚಪ್ಪಟೆಯಾಯಿತು. ದಪ್ಪ ಡ್ರಮ್ಮಿಗೆ ಮತ್ತೆ ದುಡ್ಡು.

ಈಗ ಒಣ ಧೂಳಿಗೆ ಅತಿ ನುಣ್ಣನೆಯದನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆ. ಪೈಪನ್ನು ಸ್ಯಾಂಡರಿಗೇ ಸಿಕ್ಕಿಸಿದ್ದೇನೆ, ಧೂಳು ಏಳುವ ಮೊದಲೇ ಒಳಗೆ. ಬಾಯಿ ಅಳತೆ ಹೊಂದಲಿಲ್ಲ, ಸೈಕಲ್ ಟ್ಯೂಬ್ ಸುತ್ತಿದೆ. ಇಷ್ಟು ದುಡ್ಡಿನಲ್ಲಿ ಅದೇ ಅಳತೆಯ ನಾಲ್ಕು ಸ್ಟೂಲು ಅಂಗಡಿಯಿಂದ ಬರುತ್ತಿದ್ದವು ಅಂತ ಹೆಂಡತಿ ಲೆಕ್ಕ ಹಾಕಿದ್ದಾಳೆ.

ಸ್ಟೂಲಿನ ಒಂದು ಕಾಲು ಗಿಡ್ಡ. ಅದರಡಿ ಬ್ಲೋವರಿನ ವಾರಂಟಿ ಕಾರ್ಡು ಮಡಚಿ ಇಟ್ಟಿದ್ದೇನೆ. ಉಳಿದ ಮೂರನ್ನು ಉಜ್ಜಿ ಸರಿಮಾಡಬಹುದು, ಆದರೆ ವೈನಿ ಮತ್ತೆ ಸಂಡಿಗೆ ಹಾಕಿದ್ದಾರೆ.